ಬೀಗವೂ ಅಂತಸ್ಸಾಕ್ಷಿಯೂ

ನಮ್ಮ ಊರಿನ ಪ್ರೌಢಶಾಲೆಯೊಂದರಲ್ಲಿ ಗಣಕಯಂತ್ರಗಳ ಕೊಠಡಿಯನ್ನು ಹೊಸದಾಗಿ ಏರ್ಪಡಿಸಿ, ಅದಕ್ಕೆ ಅಂತರ್ಜಾಲದ ಸಂಪರ್ಕವನ್ನು ಪಡೆದ ಕಾಲದಲ್ಲಿ, ಅಲ್ಲಿಯ ಆಡಳಿತ ಮಂಡಲಿಯವರು ವಿದ್ಯಾರ್ಥಿಗಳಿಗಾಗಿ ಒಂದು ನಿಯಮಾವಳಿಯನ್ನು ಬರೆದುಕೊಡಬೇಕೆಂದು ನನ್ನನ್ನು ಕೇಳಿದರು. ನಾನು ಯಂತ್ರಗಳ ಮರ್ಮವನ್ನು ಬಲ್ಲವನಲ್ಲ. ಮೂವತ್ತು ವರ್ಷ ಪಾಠ ಹೇಳಿ ವಿಶ್ರಾಂತಿ ಪಡೆದವನು. ಆದರೂ ಒಪ್ಪಿಕೊಂಡೆನು. ನಿಯಮವನ್ನು ಬರೆಯುವುದು ಬಲು ಸುಲಭವೆಂದು ಆಗ ನನಗೆ ತೋರಿತ್ತು. ಪ್ರತಿಯೊಂದು ವಾಕ್ಯವನ್ನೂ “ಕೂಡದು” ಎಂದು ಮುಗಿಸುತ್ತ ಹೋದರೆ ಸಾಕಲ್ಲವೆ? ಅಪ್ಪಣೆಯಿಲ್ಲದೆ ಯಂತ್ರವನ್ನು ಮುಟ್ಟಕೂಡದು; ಒಬ್ಬರ ಪಾಸ್‌ವರ್ಡನ್ನು ಮತ್ತೊಬ್ಬರು ಬಳಸಕೂಡದು; ಆಟಗಳನ್ನು ಆಡಕೂಡದು; ಪಾಠಕ್ಕೆ ಸಂಬಂಧಿಸದ ಪುಟಗಳನ್ನು ತೆರೆಯಕೂಡದು. ಹೀಗೆ ಒಂದೇ ಸಂಜೆಯಲ್ಲಿ ಇಪ್ಪತ್ತೆರಡು ನಿಯಮಗಳು ಸಿದ್ಧವಾದವು. ಕೊನೆಯಲ್ಲಿ “ಮೇಲಿನ ನಿಯಮಗಳನ್ನು ಓದಿ, ತಿಳಿದು, ಒಪ್ಪಿರುತ್ತೇನೆ” ಎಂಬ ಸಾಲು. ಅದರ ಕೆಳಗೆ ವಿದ್ಯಾರ್ಥಿಯ ರುಜು, ಪೋಷಕರ ರುಜು. ಮಂಡಲಿಯವರು ಅದನ್ನು ಬಹಳ ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡೆನು.

ಮೂರು ತಿಂಗಳು ಕಳೆದ ಮೇಲೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಉಪಾಧ್ಯಾಯರ ಬಳಿಗೆ ಬಂದು, “ಸಾರ್, ಎಲ್ಲರ ಪಾಸ್‌ವರ್ಡೂ ಅವರವರ ಹಾಜರಿ ಸಂಖ್ಯೆಯೇ ಆಗಿದೆ. ಯಾರು ಬೇಕಾದರೂ ಯಾರ ಖಾತೆಯನ್ನಾದರೂ ತೆರೆಯಬಹುದು. ನಾನು ಇಬ್ಬರದನ್ನು ತೆರೆದು ನೋಡಿದೆ. ಇದನ್ನು ಬದಲಾಯಿಸಬೇಕು” ಎಂದು ಹೇಳಿದನು. ಏಳನೆಯ ನಿಯಮ ಸ್ಪಷ್ಟವಾಗಿತ್ತು: ಒಬ್ಬರ ಪಾಸ್‌ವರ್ಡನ್ನು ಮತ್ತೊಬ್ಬರು ಬಳಸಕೂಡದು. ಹುಡುಗನ ರುಜುವೂ ಕಾಗದದ ಮೇಲಿತ್ತು. ಮಂಡಲಿ ಸಭೆ ಸೇರಿತು, ನನ್ನನ್ನೂ ಕರೆದರು. “ಇತರರದನ್ನು ಏಕೆ ತೆರೆದೆ?” ಎಂದು ಕೇಳಿದಾಗ ಅವನು, “ತೆರೆಯದೆ ಹೋದರೆ ಅದು ನಿಜವೋ ಅಲ್ಲವೋ ತಿಳಿಯುವುದು ಹೇಗೆ?” ಎಂದನು. ಅದನ್ನು ನಾವು ಉದ್ಧಟತನವೆಂದು ತಿಳಿದೆವು. ಆ ವರ್ಷವಿಡೀ ಅವನು ಗಣಕಯಂತ್ರದ ಕೊಠಡಿಗೆ ಬರಕೂಡದೆಂದು ತೀರ್ಮಾನವಾಯಿತು. ಆ ತೀರ್ಮಾನಕ್ಕೆ ನಾನೂ ಕೈಯೆತ್ತಿದೆನು.

ಅಂದಿನಿಂದ ಆ ಶಾಲೆಯಲ್ಲಿ ಯಾವ ಹುಡುಗನೂ ಯಂತ್ರದ ಯಾವ ದೋಷವನ್ನೂ ಯಾರಿಗೂ ಹೇಳಲಿಲ್ಲ. ಮರುವರ್ಷ ಯಾರೋ ಒಬ್ಬರು ಹುಡುಗಿಯೊಬ್ಬಳ ಖಾತೆಯನ್ನು ತೆರೆದು, ಅವಳ ಹೆಸರಿನಲ್ಲಿ ಹೊಲಸಾದ ಮಾತುಗಳನ್ನು ಬರೆದು ತರಗತಿಗೆಲ್ಲ ಕಳುಹಿಸಿದರು. ವಿಚಾರಣೆ ಮಾಡಿದಾಗ ತಿಳಿದುದೇನೆಂದರೆ, ಪಾಸ್‌ವರ್ಡಿನ ಆ ಹಳೆಯ ದೋಷ ಹಾಗೆಯೇ ಉಳಿದಿತ್ತು, ಮತ್ತು ಅದು ತರಗತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. “ಏಕೆ ಹೇಳಲಿಲ್ಲ?” ಎಂದು ಕೇಳಿದರೆ ಮಕ್ಕಳು ತಲೆ ತಗ್ಗಿಸಿ ನಿಂತರು. ಆ ಹುಡುಗಿ ಕೆಲವು ವಾರ ಶಾಲೆಗೇ ಬರಲಿಲ್ಲ. ನನ್ನ ಇಪ್ಪತ್ತೆರಡು ನಿಯಮಗಳು ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿದ್ದವು.

ಈ ಪ್ರಸಂಗವು ನನ್ನನ್ನು ಬಹಳ ದಿನ ಬಾಧಿಸಿತು. ನಿಯಮವನ್ನು ನಾವು ಏತಕ್ಕಾಗಿ ಮಾಡುತ್ತೇವೆ? ಕೆಟ್ಟದ್ದು ನಡೆಯದಿರಲೆಂದೋ, ಕೆಟ್ಟದ್ದನ್ನು ಮಾಡಲು ಮಗುವಿಗೆ ಮನಸ್ಸೇ ಬಾರದಿರಲೆಂದೋ? ಇವೆರಡೂ ಒಂದೇ ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಮೊದಲನೆಯದನ್ನು ಬೀಗವು ಮಾಡಬಲ್ಲದು. ಎರಡನೆಯದನ್ನು ಯಾವ ಬೀಗವೂ ಮಾಡಲಾರದು. ನಾವು ಬೀಗವನ್ನು ಹಾಕಿ, ಶಿಕ್ಷಣವನ್ನು ಕೊಟ್ಟೆವೆಂದು ಭ್ರಮಿಸುತ್ತಿದ್ದೇವೆಯೋ ಏನೋ.

ಮೊದಲು ರುಜುವಿನ ಮಾತನ್ನೇ ವಿಚಾರಿಸೋಣ. ೧೮೭೨ನೆಯ ಇಸವಿಯ ಇಂಡಿಯನ್ ಕಾಂಟ್ರಾಕ್ಟ್ ಆಕ್ಟಿನ ೧೧ನೆಯ ವಿಧಿಯ ಪ್ರಕಾರ ಪ್ರಾಪ್ತವಯಸ್ಕನಲ್ಲದವನು ಕರಾರು ಮಾಡಿಕೊಳ್ಳಲು ಅರ್ಹನಲ್ಲ. ೧೯೦೩ರಲ್ಲಿ ಮೊಹೊರಿ ಬೀಬಿ ಮತ್ತು ಧರ್ಮೋದಾಸ್ ಘೋಷ್ ಇವರ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲಿನವರು, ಅಂತಹ ಕರಾರು ಮೊದಲಿನಿಂದಲೇ ಇಲ್ಲದಂತೆ ಎಂದು ತೀರ್ಪಿತ್ತರು. ಆದುದರಿಂದ ಹದಿನಾಲ್ಕು ವರ್ಷದ ಹುಡುಗನ ರುಜುವಿಗೆ ಕಾನೂನಿನ ಕಣ್ಣಿನಲ್ಲಿ ಕರಾರಿನ ಬೆಲೆಯಿಲ್ಲ. ಅದಕ್ಕೆ ಏನಾದರೂ ಬೆಲೆಯಿದ್ದರೆ ಅದು ಮಾತು ಕೊಟ್ಟವನ ಬೆಲೆ. ಕೇವಲ ಧರ್ಮದ ಬೆಲೆ. ಹಾಗಿರುವಾಗ ಅವನು ತಿಳಿದು ಮಾತು ಕೊಟ್ಟನೆ ಎಂಬುದೇ ಇಲ್ಲಿ ಮುಖ್ಯವಾಗಬೇಕಲ್ಲವೆ? ನಮ್ಮ ಶಾಲೆಯಲ್ಲಿ ನಡೆದುದು ಹೀಗೆ: ಕಾಗದಗಳ ಕಟ್ಟನ್ನು ಮೊದಲ ಬೆಂಚಿನಿಂದ ಕೊನೆಯ ಬೆಂಚಿಗೆ ದಾಟಿಸಿದರು, ಹತ್ತು ನಿಮಿಷಗಳಲ್ಲಿ ನಲವತ್ತು ರುಜುಗಳಾದವು. ಮನೆಗಳಲ್ಲಿ ತಂದೆತಾಯಿಯರು ಅಡುಗೆಯ ನಡುವೆ, ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ರುಜು ಹಾಕಿದರು. ಓದಿದೆನೆಂದು ಬರೆದವರಲ್ಲಿ ಓದಿದವರು ಎಷ್ಟು ಮಂದಿಯೋ! ಗಣಕಯಂತ್ರದ ಮುಂದೆ ಕುಳಿತ ಮೊದಲ ದಿನವೇ ಮಗುವು ನಮ್ಮಿಂದ ಕಲಿತ ಪಾಠವೆಂದರೆ, ಓದದೆ ರುಜು ಹಾಕುವುದು ಲೋಕದ ವಾಡಿಕೆ ಎಂಬುದು. ದೊಡ್ಡವನಾದ ಮೇಲೆ ಅವನು ತನ್ನ ಫೋನಿನಲ್ಲಿ ಪುಟಗಟ್ಟಲೆ ಷರತ್ತುಗಳ ಕೆಳಗೆ “ಒಪ್ಪಿದ್ದೇನೆ” ಎಂಬ ಗುಂಡಿಯನ್ನು ಓದದೆ ಒತ್ತುವಾಗ, ತನ್ನ ಹಣವನ್ನೋ ಗುಟ್ಟನ್ನೋ ಪರರ ಕೈಗೆ ಕೊಟ್ಟು ಕೆಡುವಾಗ, ಆ ವಿದ್ಯೆಗೆ ಓಂಕಾರ ಹಾಕಿದವರು ನಾವೇ ಎಂಬುದನ್ನು ನೆನೆಯಬೇಕು.

ಈ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದ ಅಮೆರಿಕದವರ ಅನುಭವವನ್ನು ನೋಡುವುದು ಲೇಸು. ಅಲ್ಲಿ ೨೦೦೦ನೆಯ ಇಸವಿಯಲ್ಲಿ ‘ಮಕ್ಕಳ ಇಂಟರ್‌ನೆಟ್ ರಕ್ಷಣಾ ಕಾಯಿದೆ’ ಎಂಬುದು ಆಯಿತು. ಅಂತರ್ಜಾಲದ ಶುಲ್ಕದಲ್ಲಿ ಸರ್ಕಾರದ ರಿಯಾಯಿತಿಯನ್ನು ಪಡೆಯುವ ಶಾಲೆಗಳು ಅಶ್ಲೀಲವಾದ, ಮಕ್ಕಳಿಗೆ ಹಾನಿಕರವಾದ ಚಿತ್ರಗಳನ್ನು ತಡೆಯುವ ಸಾಧನವನ್ನು ತಮ್ಮ ಯಂತ್ರಗಳಲ್ಲಿ ಇರಿಸಲೇಬೇಕು. ಮಕ್ಕಳ ಬಳಕೆಯ ಮೇಲೆ ನಿಗಾ ಇಡಬೇಕು. ಸುರಕ್ಷತೆಯ ನಿಯಮಾವಳಿಯೊಂದನ್ನು ಮಾಡಿ, ಅದನ್ನು ಒಂದು ಸಾರ್ವಜನಿಕ ಸಭೆಯ ಮುಂದಾದರೂ ಇಡಬೇಕು. (ನಾನಾದರೋ ಒಬ್ಬನೇ ಕುಳಿತು ಒಂದು ಸಂಜೆಯಲ್ಲಿ ಬರೆದಿದ್ದೆನು.) ಇದರಲ್ಲಿ ಆಕ್ಷೇಪಿಸತಕ್ಕದ್ದು ಹೆಚ್ಚಿಲ್ಲ. ಆದರೆ ಮಕ್ಕಳಿಗೆ ಅಂತರ್ಜಾಲದಲ್ಲಿ ನಡೆದುಕೊಳ್ಳತಕ್ಕ ರೀತಿಯನ್ನು, ಪರರನ್ನು ಪೀಡಿಸುವುದರ ಕೆಡುಕನ್ನು ಕಲಿಸಬೇಕೆಂಬ ವಿಧಿಯು ಸೇರಿದುದು ೨೦೦೮ರಲ್ಲಿ. ಬೀಗ ಮೊದಲು ಬಂದಿತು. ಪಾಠ ಎಂಟು ವರ್ಷ ತಡವಾಗಿ ಬಂದಿತು. ನಮ್ಮಲ್ಲಿಯೂ ಕ್ರಮ ಇದೇ ಅಲ್ಲವೆ?

ಬೀಗದ ಸಾಮರ್ಥ್ಯವೆಷ್ಟೆಂಬುದನ್ನೂ ಅಲ್ಲಿಯವರೇ ಅಳೆದು ನೋಡಿದ್ದಾರೆ. ೨೦೦೨ರಲ್ಲಿ ಕೈಸರ್ ಫ್ಯಾಮಿಲಿ ಫೌಂಡೇಶನ್ ಎಂಬ ಸಂಸ್ಥೆಯವರು ಪ್ರಕಟಿಸಿದ ಅಧ್ಯಯನದಲ್ಲಿ, ತಡೆಸಾಧನಗಳನ್ನು ಅತಿ ಸಡಿಲವಾಗಿ ಇಟ್ಟಾಗ ಅವು ಅಶ್ಲೀಲ ಪುಟಗಳಲ್ಲಿ ನೂರಕ್ಕೆ ೮೭ನ್ನು ತಡೆದವು. ಆರೋಗ್ಯವಿಷಯಕವಾದ ಪುಟಗಳಲ್ಲಿ ನೂರಕ್ಕೆ ಒಂದೂವರೆಯಷ್ಟನ್ನೂ ತಡೆಯಲಿಲ್ಲ. ಅತಿ ಬಿಗಿಯಾಗಿ ಇಟ್ಟಾಗ ತಡೆಯಲ್ಪಟ್ಟ ಅಶ್ಲೀಲ ಪುಟಗಳು ನೂರಕ್ಕೆ ೯೧ ಮಾತ್ರ. ಆದರೆ ಆರೋಗ್ಯದ ಪುಟಗಳಲ್ಲಿ ನೂರಕ್ಕೆ ೨೪ ಮರೆಯಾದವು. ಬೀಗವನ್ನು ಇನ್ನಷ್ಟು ಬಿಗಿದುದರಿಂದ ಕೆಡುಕು ನಾಲ್ಕು ಪಾಲು ತಗ್ಗಿತು. ತನ್ನ ದೇಹದ ವಿಷಯವಾಗಿ ನಾಚಿಕೆಯಿಂದ ಯಾರನ್ನೂ ಕೇಳಲಾರದ ಹುಡುಗಿಗೆ ದೊರೆಯಬೇಕಾದ ತಿಳಿವಳಿಕೆಯ ಕಾಲುಭಾಗ ನಷ್ಟವಾಯಿತು. ಕಳೆಯನ್ನು ಕೀಳುವ ಆತುರದಲ್ಲಿ ಪೈರನ್ನು ಕೀಳುವವನು ಒಳ್ಳೆಯ ರೈತನೆನಿಸಲಾರನು.

ಇನ್ನು ಬೀಗವು ನಿಲ್ಲುವುದಾದರೂ ಎಷ್ಟು ಹೊತ್ತು? ೨೦೧೩ರಲ್ಲಿ ಲಾಸ್ ಏಂಜಲೀಸ್ ನಗರದ ಸರ್ಕಾರಿ ಶಾಲೆಗಳವರು ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡ್ ಹಲಗೆಗಳನ್ನು ಹಂಚಲು ಮೊದಲುಮಾಡಿದರು. ಅವುಗಳಿಗೆ ತಡೆಗಳನ್ನು ಹಾಕಿದ್ದರು. ಕೆಲವೇ ದಿನಗಳಲ್ಲಿ ಸುಮಾರು ೩೦೦ ಮಂದಿ ವಿದ್ಯಾರ್ಥಿಗಳು, ಹಲಗೆಯಲ್ಲಿ ತಮಗಾಗಿ ದಾಖಲಾಗಿದ್ದ ವಿವರವನ್ನು ಅಳಿಸಿಬಿಟ್ಟರೆ ತಡೆಯೇ ಹೋಗುವುದೆಂದು ಕಂಡುಕೊಂಡು, ಮನಬಂದಂತೆ ಅಂತರ್ಜಾಲದಲ್ಲಿ ವಿಹರಿಸಿದರು. ದೊಡ್ಡವರು ಹಲಗೆಗಳನ್ನು ಮನೆಗೆ ಒಯ್ಯಕೂಡದೆಂದು ಆಜ್ಞೆ ಮಾಡಬೇಕಾಯಿತು. ಬೀಗವು ಇದ್ದವರೆಗೆ ಮಕ್ಕಳು ಬೀಗವನ್ನು ತೆರೆಯುವ ಉಪಾಯವನ್ನು ಕಲಿತರು. ಅದು ಹೋದ ಮೇಲೆ ಏನು ಮಾಡಬೇಕೆಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

“ಬೀಗವು ಸಾಲದಾದರೆ ಕಣ್ಣನ್ನಿಡೋಣ, ಮಗು ಏನು ಮಾಡುತ್ತಿದೆಯೆಂದು ಸದಾ ನೋಡುತ್ತಿರೋಣ” ಎಂದು ಕೆಲವರು ಹೇಳಿಯಾರು. ಇಂದಿನ ಯಂತ್ರಗಳಿಗೆ ಇದು ಕಷ್ಟವಲ್ಲ. ಮಗು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ದೂರದಲ್ಲಿ ಕುಳಿತವರು ಓದಬಹುದು. ಆದರೆ ಆ ದಾರಿ ಎಲ್ಲಿಗೆ ಹೋಗುವುದೆಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಲೋವರ್ ಮೆರಿಯನ್ ಎಂಬಲ್ಲಿ ಶಾಲೆಗಳವರು ಸುಮಾರು ೨,೩೦೦ ಮಂದಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಕೊಟ್ಟಿದ್ದರು. ಯಂತ್ರ ಕಳವಾದರೆ ಪತ್ತೆಹಚ್ಚಲೆಂದು, ಅದರೊಳಗಿನ ಕ್ಯಾಮೆರಾದಿಂದ ದೂರದಲ್ಲಿದ್ದೇ ಚಿತ್ರ ತೆಗೆಯುವ ಏರ್ಪಾಡೊಂದನ್ನು ಮಾಡಿಕೊಂಡಿದ್ದರು. ಇದನ್ನು ಮಕ್ಕಳಿಗಾಗಲಿ ಪೋಷಕರಿಗಾಗಲಿ ತಿಳಿಸಿರಲಿಲ್ಲ. ಒಬ್ಬ ಹುಡುಗನನ್ನು ಶಾಲೆಯವರು ಕರೆದು, ಅವನು ತನ್ನ ಮನೆಯಲ್ಲಿ ಏನೋ ಅನುಚಿತವಾದುದನ್ನು ಮಾಡಿದನೆಂದು ಆಕ್ಷೇಪಿಸಿ, ಸಾಕ್ಷ್ಯವಾಗಿ ಚಿತ್ರವನ್ನು ತೋರಿಸಿದರು. ಮಾತ್ರೆಗಳೆಂದು ಅವರು ತಿಳಿದುದನ್ನು ಹುಡುಗನು ಮಿಠಾಯಿಗಳೆಂದನು. ೨೦೧೦ರಲ್ಲಿ ಪ್ರಕರಣವು ನ್ಯಾಯಾಲಯಕ್ಕೆ ಹೋಯಿತು. ಶೋಧಿಸಿದಾಗ ಐವತ್ತು ಸಾವಿರಕ್ಕೂ ಮೀರಿ ಚಿತ್ರಗಳು ಹೊರಬಂದವು. ಹಲವು ಕಳವಾದ ಯಂತ್ರಗಳವಾದರೂ, ಮಕ್ಕಳು ತಮ್ಮ ಕೋಣೆಗಳಲ್ಲಿರುವಾಗ ತೆಗೆದವೂ ಇದ್ದವು. ಆ ಹುಡುಗನು ಮಲಗಿ ನಿದ್ರಿಸುತ್ತಿದ್ದಾಗಿನದೂ ಒಂದು. ಅದೇ ವರ್ಷ ಶಾಲೆಯವರು ೬,೧೦,೦೦೦ ಡಾಲರುಗಳನ್ನು ತೆತ್ತು ರಾಜಿ ಮಾಡಿಕೊಂಡರು. ಅವರಲ್ಲಿ ಅಪರಾಧದ ಉದ್ದೇಶವಿತ್ತೆಂದು ಸರ್ಕಾರದ ವಕೀಲರಿಗೂ ಕಾಣಲಿಲ್ಲ. ಇದೇ ನನ್ನನ್ನು ಹೆಚ್ಚಾಗಿ ಯೋಚಿಸುವಂತೆ ಮಾಡಿತು. ದುಷ್ಟರಲ್ಲದವರೂ ಇಷ್ಟು ದೂರ ಹೋದರು. ಏಕೆಂದರೆ ತಮ್ಮನ್ನು ಯಾರೂ ನೋಡುತ್ತಿಲ್ಲವೆಂದು ಅವರಿಗೆ ಗೊತ್ತಿತ್ತು. ತೊಟ್ಟವನು ಕಣ್ಣಿಗೆ ಕಾಣಿಸದಂತಾಗುವ ಉಂಗುರವೊಂದರ ಕಥೆಯನ್ನು ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಹೇಳಿಸಿದ್ದಾನೆ. ಅಂತರ್ಜಾಲದಲ್ಲಿ ಮಕ್ಕಳ ಕೈಗೆ ಅಂತಹ ಉಂಗುರ ಸಿಕ್ಕಿದೆಯೆಂದು ನಾವು ಹೆದರುತ್ತೇವೆ. ಇಲ್ಲಿ ಅದನ್ನು ತೊಟ್ಟವರು ಉಪಾಧ್ಯಾಯರು.

ನಮ್ಮ ನಾಡಿನ ಕಥೆಯೊಂದು ಈ ವಿಷಯದಲ್ಲಿ ಇನ್ನೂ ಆಳವಾದ ಮಾತನ್ನು ಹೇಳುತ್ತದೆಂದು ನನ್ನ ಭಾವನೆ. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಯ ಹಣ್ಣನ್ನು ಕೊಟ್ಟು, ಯಾರೂ ಕಾಣದ ಎಡೆಯಲ್ಲಿ ತಿಂದು ಬನ್ನಿರೆಂದು ಕಳುಹಿಸಿದರಂತೆ. ಒಬ್ಬನು ಬಾಗಿಲ ಹಿಂದೆ, ಒಬ್ಬನು ಮರದ ಮರೆಯಲ್ಲಿ, ಹೀಗೆ ಎಲ್ಲರೂ ತಿಂದು ಬಂದರು. ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದು, ದೇವರು ಕಾಣದ ಎಡೆ ತಮಗೆ ಎಲ್ಲಿಯೂ ದೊರೆಯಲಿಲ್ಲವೆಂದರಂತೆ. ಈ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. ಆದರೆ ಇದರಲ್ಲಿ ಒಂದು ಅಂಶವನ್ನು ನಾವು ಗಮನಿಸುವುದಿಲ್ಲ. ವ್ಯಾಸರಾಯರು ಪ್ರತಿಯೊಬ್ಬ ಶಿಷ್ಯನ ಹಿಂದೆಯೂ ಒಬ್ಬೊಬ್ಬ ಕಾವಲುಗಾರನನ್ನು ಕಳುಹಿಸಿದ್ದರೆ ಏನಾಗುತ್ತಿತ್ತು? ಎಲ್ಲರೂ ಹಣ್ಣನ್ನು ತಿನ್ನದೆಯೇ ಹಿಂದಿರುಗುತ್ತಿದ್ದರು. ಹೊರಗಿನಿಂದ ನೋಡುವವರಿಗೆ ಎಲ್ಲರೂ ಕನಕದಾಸರೇ! ಶಿಷ್ಯರಲ್ಲಿ ಯಾರು ಎಂಥವರೆಂಬುದು ಗುರುವಿಗೆ ತಿಳಿಯುತ್ತಿರಲಿಲ್ಲ. ಕನಕದಾಸರಿಗೂ ತಮ್ಮೊಳಗಿನ ಸಾಕ್ಷಿಯ ಪರಿಚಯವಾಗುವ ಸಂದರ್ಭ ಬರುತ್ತಿರಲಿಲ್ಲ. ಯಾರೂ ನೋಡದ ಎಡೆಯೊಂದು ಇದ್ದುದರಿಂದಲೇ ಆ ಪರೀಕ್ಷೆ ಸಾಧ್ಯವಾಯಿತು. ದೇವರ ಹೆಸರನ್ನು ಒಪ್ಪದವರು ಅದನ್ನು ಅಂತಸ್ಸಾಕ್ಷಿಯೆನ್ನಲಿ, ವಾದವು ಬದಲಾಗುವುದಿಲ್ಲ. ಸದಾ ಹೊರಗಣ್ಣಿನ ಮುಂದೆ ಬೆಳೆದ ಮಗುವಿಗೆ ಒಳಗಣ್ಣು ತೆರೆಯುವ ಅವಕಾಶವೇ ಇರುವುದಿಲ್ಲ. ಹೊರಗಣ್ಣು ಮುಚ್ಚಿದ ದಿನ ಅದು ಕುರುಡಾಗುತ್ತದೆ.

ಇದಕ್ಕೆ ಬಲವಾದ ಆಕ್ಷೇಪಣೆಯೊಂದುಂಟು. ಅದನ್ನು ಮರೆಸುವುದು ಅನ್ಯಾಯ. ಬಾಳೆಯ ಹಣ್ಣು ನಿರಪಾಯವಾದ ವಸ್ತು. ಅದನ್ನು ತಿಂದ ಶಿಷ್ಯರಿಗೆ ಯಾವ ಹಾನಿಯೂ ಆಗಲಿಲ್ಲ. ಅಂತರ್ಜಾಲದಲ್ಲಿಯಾದರೋ ಮಗುವನ್ನು ಸ್ನೇಹದ ಸೋಗಿನಿಂದ ಸೆಳೆಯುವ ಅಪರಿಚಿತರಿದ್ದಾರೆ. ಒಮ್ಮೆ ಕಂಡರೆ ಮನಸ್ಸಿನಿಂದ ಅಳಿಸಲಾಗದ ದೃಶ್ಯಗಳಿವೆ. ಎಳೆಯ ಮನಸ್ಸನ್ನು ಬಲೆಗೆ ಹಾಕಲೆಂದೇ ರಚಿಸಿದ ಆಟಗಳಿವೆ. ಮಗುವಿನ ಶೀಲವನ್ನು ಪರೀಕ್ಷಿಸುವೆವೆಂದು ಅದನ್ನು ಹುಲಿಯ ಗವಿಗೆ ಕಳುಹಿಸುವವರುಂಟೆ? ಈ ಮಾತು ನಿಜ. ಬೀಗವೇ ಬೇಡವೆಂದು ನಾನು ಹೇಳುತ್ತಿಲ್ಲ. ಬಾವಿಗೆ ಕಟ್ಟೆ ಕಟ್ಟುವುದು ಮಗುವಿನ ಮೇಲಿನ ಅವಿಶ್ವಾಸದಿಂದಲ್ಲ, ಪ್ರೀತಿಯಿಂದ. ಆದರೆ ಬಾವಿಯ ಕಟ್ಟೆಗೂ ಗೋಡೆಯಲ್ಲಿ ಕೊರೆದ ಕಳ್ಳಗಿಂಡಿಗೂ ಭೇದವಿದೆ. ಕಟ್ಟೆಯು ಎಲ್ಲರ ಕಣ್ಣಿಗೂ ಕಾಣುತ್ತದೆ. ಅದು ಏಕೆ ಇದೆಯೆಂದು ಮಗು ಕೇಳಿದರೆ ಹೇಳಬಹುದು. ನೀರು ಸೇದಲು ಬಂದ ದೊಡ್ಡವರಿಗೂ ಅದೇ ಕಟ್ಟೆ. ಮಗು ಬೆಳೆದಂತೆಲ್ಲ ಕಟ್ಟೆಯು ಅದರ ಎದೆಯ ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ ಇಳಿಯುತ್ತದೆ. ಕಳ್ಳಗಿಂಡಿಯಾದರೋ ಕಾಣಿಸದಿದ್ದರೇ ಅದರ ಪ್ರಯೋಜನ. ಅದನ್ನು ಕೊರೆದವನಿಗೆ ಕಾರಣವನ್ನು ಹೇಳಲು ನಾಚಿಕೆ. ಮಗು ಎಷ್ಟೇ ಎತ್ತರ ಬೆಳೆದರೂ ಗಿಂಡಿಯ ಹಿಂದಿನ ಕಣ್ಣು ಹಾಗೆಯೇ ಇರುತ್ತದೆ. ಶಾಲೆಯ ಪ್ರತಿಯೊಂದು ನಿಯಮವನ್ನೂ ಇದು ಕಟ್ಟೆಯೋ ಗಿಂಡಿಯೋ ಎಂದು ಕೇಳಿ ನೋಡಬೇಕು.

ನಿಯಮವು ವಯಸ್ಸಿಗೆ ತಕ್ಕಂತೆ ಸಡಿಲವಾಗಬೇಕೆಂಬುದನ್ನು ನಮ್ಮ ನೆರೆಯ ಕೇರಳದ ಉಚ್ಚ ನ್ಯಾಯಾಲಯವು ೨೦೧೯ರ ಸೆಪ್ಟೆಂಬರಿನಲ್ಲಿ ಪ್ರಕರಣವೊಂದರ ತೀರ್ಪಿನಲ್ಲಿ ಎತ್ತಿ ತೋರಿಸಿತು. ಕೋಳಿಕ್ಕೋಡು ಜಿಲ್ಲೆಯ ಕಾಲೇಜೊಂದರ ವಿದ್ಯಾರ್ಥಿನಿಯರ ನಿಲಯದಲ್ಲಿ ಸಂಜೆ ೬ ಗಂಟೆಯಿಂದ ರಾತ್ರಿ ೧೦ರ ವರೆಗೆ ಮೊಬೈಲ್ ಫೋನನ್ನು ಬಳಸಕೂಡದೆಂದು ನಿಯಮವಾಯಿತು. ಪ್ರಾಪ್ತವಯಸ್ಕಳಾದ ವಿದ್ಯಾರ್ಥಿನಿಯೊಬ್ಬಳು ಅದು ತನ್ನ ಓದಿಗೆ ಅಡ್ಡಿಯೆಂದು ಒಪ್ಪದೆ ಹೋದುದರಿಂದ ಅವಳನ್ನು ನಿಲಯದಿಂದ ಹೊರಹಾಕಿದರು. ಅಂತರ್ಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನಲ್ಲಿಯೂ ಸಂವಿಧಾನದ ೨೧ನೆಯ ವಿಧಿಯು ಕಾಪಾಡುವ ಖಾಸಗಿತನದ ಹಕ್ಕಿನಲ್ಲಿಯೂ ಅಡಕವಾಗಿದೆಯೆಂದು ನ್ಯಾಯಾಲಯವು ಹೇಳಿ, ಅವಳನ್ನು ನಿಲಯಕ್ಕೆ ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ಶಿಸ್ತು ಬೇಡವೆಂದು ನ್ಯಾಯಾಲಯವು ಹೇಳಲಿಲ್ಲ. ಜ್ಞಾನಾರ್ಜನೆಯ ದಾರಿಯನ್ನೇ ಮುಚ್ಚಿ ಶಿಸ್ತನ್ನು ತರಕೂಡದೆಂದಿತು. ಹದಿನೆಂಟು ವರ್ಷದವಳಿಗೆ ಮತ ಹಾಕುವ ವಿವೇಕವಿದೆಯೆಂದು ಒಪ್ಪಿದ ಸಮಾಜವು, ಫೋನನ್ನು ಯಾವಾಗ ಕೆಳಗಿಡಬೇಕೆಂಬ ವಿವೇಕ ಅವಳಿಗಿಲ್ಲವೆನ್ನುವುದು ವಿಚಿತ್ರವಲ್ಲವೆ?

ನಿಯಮಗಳಿಗೆ ಎಲ್ಲೆಯುಂಟೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವು ಪ್ರಸಿದ್ಧವಾಗಿದೆ. ಅದರಲ್ಲಿ ವಿಧಿಗಳು ಅನೇಕವಿವೆ. ಆದರೆ ಅವುಗಳ ನಡುವೆ ಆಚಾರ್ಯನು, ತಮ್ಮ ನಡತೆಯಲ್ಲಿ ಒಳ್ಳೆಯದಾದುದನ್ನು ಮಾತ್ರ ಅನುಸರಿಸಬೇಕೆಂದು ಹೇಳಿ, ತಮ್ಮಲ್ಲಿಯೂ ತಪ್ಪು ಇರಬಹುದೆಂದು ಒಪ್ಪಿಕೊಳ್ಳುತ್ತಾನೆ. ಮುಂದೆ ಯಾವುದು ಸರಿಯೆಂಬ ಸಂಶಯ ಬಂದಲ್ಲಿ, ವಿಚಾರಶೀಲರೂ ಕಠೋರರಲ್ಲದವರೂ ಆದ ಸಜ್ಜನರು ಅಂತಹ ಸಂದರ್ಭದಲ್ಲಿ ಹೇಗೆ ನಡೆಯುವರೋ ನೋಡಿ ಹಾಗೆ ನಡೆಯತಕ್ಕದ್ದೆಂದು ಸೂಚಿಸುತ್ತಾನೆ. ಎಲ್ಲ ಸಂದರ್ಭಗಳನ್ನೂ ನಿಯಮವು ಮುಂಗಾಣಲಾರದು. ನಿಯಮ ಮುಗಿದೆಡೆಯಲ್ಲಿ ಮನುಷ್ಯನು ಬೇಕು. ಅಂತರ್ಜಾಲವು ದಿನಕ್ಕೊಂದು ಹೊಸ ಸಂದರ್ಭವನ್ನು ತಂದೊಡ್ಡುತ್ತದೆ. ನಾನು ಇಪ್ಪತ್ತೆರಡು ನಿಯಮಗಳನ್ನು ಬರೆದಾಗ, ಮಗುವಿನ ಪರವಾಗಿ ಬರೆದುಕೊಡುವ ಯಂತ್ರಗಳು ಮಕ್ಕಳ ಕೈಗೆ ಇನ್ನೂ ಬಂದಿರಲಿಲ್ಲ. ಇಂದು ಪ್ರಬಂಧವನ್ನು ಬರೆಯಿರೆಂದರೆ ಯಂತ್ರವೇ ಬರೆದುಕೊಡುತ್ತದೆ. ಇಪ್ಪತ್ತಮೂರನೆಯ ನಿಯಮವನ್ನು ಬರೆಯುವಷ್ಟರಲ್ಲಿ ಇಪ್ಪತ್ತನಾಲ್ಕನೆಯದಕ್ಕೆ ಕಾರಣ ಹುಟ್ಟಿರುತ್ತದೆ. ಆದರೆ ತನ್ನದಲ್ಲದುದನ್ನು ತನ್ನದೆನ್ನಬಾರದೆಂಬುದು ಮನಸ್ಸಿಗೆ ಹತ್ತಿದ ಮಗುವಿಗೆ ಆ ನಿಯಮಗಳಲ್ಲಿ ಅರ್ಧದಷ್ಟು ಬೇಕಾಗುವುದಿಲ್ಲ.

ಹುಡುಗಿಯ ಪ್ರಕರಣವಾದ ಮೇಲೆ ಆ ನಿಯಮಾವಳಿಯನ್ನು ತಿದ್ದಲು ನಾನೇ ಮಂಡಲಿಯವರ ಅಪ್ಪಣೆಯನ್ನು ಬೇಡಿದೆನು. ಈ ಸಲ ಮೊದಲು ಮಕ್ಕಳೊಡನೆ ಮೂರು ದಿನ ಕುಳಿತೆವು. ಈಗ ಇರುವುದು ಒಂಬತ್ತು ನಿಯಮಗಳು; ಪ್ರತಿಯೊಂದರ ಕೆಳಗೂ ಅದರ ಕಾರಣವಿದೆ. ಕಾರಣವನ್ನು ಬರೆಯಲು ನಮಗೆ ಸಾಧ್ಯವಾಗದ ನಿಯಮಗಳನ್ನು ಬಿಟ್ಟೆವು. ಬಿಡಬೇಕಾದವು ಅಷ್ಟು ಹೆಚ್ಚಾಗಿದ್ದುದು ನಮಗೇ ಆಶ್ಚರ್ಯವಾಯಿತು. ಯಾವ ತಡೆಯನ್ನು ಹಾಕಿದೆಯೆಂಬುದನ್ನೂ, ಯಾವ ದಾಖಲೆಯನ್ನು ಯಾರು ನೋಡಬಹುದೆಂಬುದನ್ನೂ ಮಕ್ಕಳಿಗೆ ತಿಳಿಸಿದೆ. ಪಾಠಕ್ಕೆ ಬೇಕಾದ ಪುಟ ತಡೆಯಲ್ಪಟ್ಟರೆ ನಾಚಿಕೆಯಿಲ್ಲದೆ ಕೇಳಲು ಒಬ್ಬ ಉಪಾಧ್ಯಾಯಿನಿಯನ್ನು ಗೊತ್ತುಮಾಡಿದೆ. ಹತ್ತನೆಯ ತರಗತಿಯವರಿಗೆ ಎಂಟನೆಯ ತರಗತಿಯವರಿಗಿಂತ ಹೆಚ್ಚು ಸ್ವಾತಂತ್ರ್ಯವಿದೆ. ಉಪಾಧ್ಯಾಯರಿಗೂ ಎರಡು ನಿಯಮಗಳಿವೆ. ಅವರೂ ರುಜು ಹಾಕಿದ್ದಾರೆ. ಎಲ್ಲಕ್ಕೂ ಮೊದಲನೆಯ ನಿಯಮವು ಇದು: ಯಂತ್ರದಲ್ಲಾಗಲಿ ಏರ್ಪಾಡಿನಲ್ಲಾಗಲಿ ದೋಷವನ್ನು ಕಂಡು, ಕೆಡುಕಿಗೆ ಬಳಸದೆ, ಬಂದು ತಿಳಿಸಿದವರಿಗೆ ಶಿಕ್ಷೆಯಿಲ್ಲ. ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆನು. ಕದ್ದು ಆಟವಾಡುವವರು ಈಗಲೂ ಇದ್ದಾರೆ. ಆದರೆ ಮಕ್ಕಳು ಬಂದು ಹೇಳುತ್ತಾರೆ. ಅದು ನನಗೆ ದೊಡ್ಡದೆನಿಸುತ್ತದೆ.

ಅಂದು ನಾವು ಶಿಕ್ಷಿಸಿದ ಹುಡುಗನು ಈಗ ಬೇರೆ ಊರಿನಲ್ಲಿ ಓದುತ್ತಿದ್ದಾನೆ. ರಜೆಯಲ್ಲಿ ಬಂದಿದ್ದಾಗ ಅವನ ಮನೆಗೆ ಹೋಗಿ, ತಪ್ಪು ನಮ್ಮದೆಂದು ಅವನ ತಂದೆಯ ಎದುರಿನಲ್ಲಿಯೇ ಹೇಳಿದೆನು. ಅವನು ಸಂಕೋಚಪಟ್ಟು, “ಆ ಪಾಸ್‌ವರ್ಡುಗಳನ್ನು ಬದಲಾಯಿಸಿದರೆ, ಸಾರ್?” ಎಂದಷ್ಟೇ ಕೇಳಿದನು. ಅವನಿಗೆ ಬೇಕಾಗಿದ್ದುದು ಮೊದಲಿನಿಂದಲೂ ಅದೊಂದೇ ಆಗಿತ್ತು.

ವಾಚಕರಲ್ಲಿ ಬಹುಮಂದಿ ಗೃಹಸ್ಥರು. ತಮ್ಮ ಮಕ್ಕಳು ಶಾಲೆಯಿಂದ ತಂದ ಇಂತಹ ಕಾಗದಕ್ಕೆ ಅವರೂ ರುಜು ಹಾಕಿರಬಹುದು. ಅದರ ಪ್ರತಿಯು ಮನೆಯಲ್ಲಿದ್ದರೆ ಒಂದು ಸಂಜೆ ಅದನ್ನು ತೆಗೆದು, ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಒಂದೊಂದು ಸಾಲನ್ನೂ ಓದಿ, “ಇದು ಏಕೆ ಇದೆಯೆಂದು ನಿನಗೆ ತೋರುತ್ತದೆ?” ಎಂದು ಕೇಳಿ ನೋಡಲಿ. ಮಗುವಿಗೆ ಉತ್ತರ ಹೊಳೆಯದಿದ್ದರೆ ತಾವು ಹೇಳಲಿ. ತಮಗೂ ಹೊಳೆಯದಿದ್ದರೆ ಶಾಲೆಗೆ ಹೋಗಿ ಕೇಳಲಿ. ಕೇಳಿದುದಕ್ಕೆ ಒಳ್ಳೆಯ ಶಾಲೆಯವರು ಬೇಸರಪಡಲಾರರು.